ಕೆಂಪೆಣ್ಣೆಯ ಪರವಾಗಿ ಒಂದು ಮಾತು

ನಮ್ಮ ಮನೆಯ ತೆನೆ ಹಬ್ಬಕ್ಕೆ ಎಣ್ಣೆ ಹಿಡಿದುಕೊಂಡು ಬಂದ ಅತಿಥಿ ಅದುವರೆಗೆ ಯಾರೂ ಇರಲಿಲ್ಲ. ಹೂವು ತರುತ್ತಾರೆ, ಬಾಳೆಹಣ್ಣು ತರುತ್ತಾರೆ, ಇಲ್ಲಿ ಮಲೇಷ್ಯಾದ ಕ್ಲಾಂಗ್ ಪಟ್ಟಣದ ತಮಿಳರ ಅಂಗಡಿಯಿಂದ ಬೆಂಡೆಕಾಯಿ, ಹರಿವೆ ಸೊಪ್ಪು ಹೊತ್ತು ತರುವವರೂ ಇದ್ದಾರೆ. ಆ ವರ್ಷ ಆಕೆ ತಂದದ್ದು ಹಳೆಯ ನೀರಿನ ಬಾಟಲಿಯಲ್ಲಿ ತುಂಬಿದ ತಾಳೆ ಎಣ್ಣೆ. ಬಣ್ಣ ಬ್ಯಾಡಗಿ ಮೆಣಸಿನಕಾಯಿ ಅರೆದ ಮಸಾಲೆಯಷ್ಟು ಕೆಂಪು.

ಆಕೆ ನಮ್ಮ ಪೆಟಾಲಿಂಗ್ ಜಯಾದ ಚರ್ಚಿನಲ್ಲಿ ಹಾಡುವ ಹುಡುಗಿ. ಪಶ್ಚಿಮ ಆಫ್ರಿಕಾದ ಒಂದು ಸಣ್ಣ ದೇಶದಿಂದ ಇಲ್ಲಿಗೆ ಓದಲು ಬಂದವಳು. ಗಾಯನ ಮಂಡಳಿಯಲ್ಲಿ ನನ್ನ ಹೆಂಡತಿಯ ಪಕ್ಕ ನಿಲ್ಲುತ್ತಾಳೆ, ಅವಳನ್ನು ಆಂಟಿ ಅನ್ನುತ್ತಾಳೆ. ಆ ಲೆಕ್ಕದಲ್ಲಿ ನಾನು ಅಂಕಲ್. ಆಕೆ ಎದುರಿಗಿದ್ದಾಗ ಎಲ್ಲರ ಮಾತೂ ಇಂಗ್ಲಿಷಿನಲ್ಲೇ.

ನಮ್ಮ ಮಂಗಳೂರು ಕ್ರೈಸ್ತರಿಗೆ ಸೆಪ್ಟೆಂಬರಿನ ಈ ಹಬ್ಬವೆಂದರೆ ಹೊಸ ಅಕ್ಕಿಯ ಊಟ. ಚರ್ಚಿನಲ್ಲಿ ಆಶೀರ್ವಾದ ಮಾಡಿಸಿದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿನಲ್ಲಿ ಕಲಸಿ ಎಲ್ಲರೂ ಮೊದಲು ಒಂದೊಂದು ಗುಟುಕು ಕುಡಿಯಬೇಕು. ಆಮೇಲೆ ಬಾಳೆಲೆಯ ಮೇಲೆ ಬರೀ ಸಸ್ಯಾಹಾರ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ಹಬ್ಬಕ್ಕೆ ಬಂದವರು ಯಾರೇ ಆಗಲಿ, ಆ ಗುಟುಕು ಅವರಿಗೂ ಸಲ್ಲಬೇಕು. ಮಂಗಳೂರಿನಿಂದ ಅಕ್ಕ ನಾಲ್ಕಾರು ಕಾಳುಗಳನ್ನು ಶುಭಾಶಯದ ಕಾರ್ಡಿನೊಳಗೆ ಅಂಟಿಸಿ ಕಳಿಸುತ್ತಾಳೆ. ಬೀಜ ಕಳ್ಳಸಾಗಣೆ ಎಂದು ಕಸ್ಟಮ್ಸಿನವರು ಬಾಗಿಲು ಬಡಿಯುತ್ತಾರೆಂದು ನಾನು ಪ್ರತಿ ವರ್ಷ ಒಂದು ವಾರ ನಿದ್ದೆ ಕೆಡಿಸಿಕೊಳ್ಳುತ್ತೇನೆ. ಈವರೆಗೆ ಬಡಿದಿಲ್ಲ. ಚಿಂತೆ ನನ್ನ ಕಸುಬು, ಎಣ್ಣೆ ನನ್ನ ಹೊಟ್ಟೆಪಾಡು.

ಹೊಟ್ಟೆಪಾಡಿನ ವಿಷಯ ಇಷ್ಟೇ: ಕ್ಲಾಂಗ್ ಬಂದರಿನ ಹತ್ತಿರ ತಾಳೆ ಎಣ್ಣೆ ಶುದ್ಧ ಮಾಡಿ ಹೊರದೇಶಗಳಿಗೆ ಕಳಿಸುವ ಕಂಪನಿಯೊಂದರ ಪ್ರಯೋಗಾಲಯಕ್ಕೆ ನಾನು ಮುಖ್ಯಸ್ಥ. ಎಣ್ಣೆ ಕಂಡರೆ ಮೂಸುವುದು, ಬೆಳಕಿಗೆ ಹಿಡಿಯುವುದು, ಓರೆ ಮಾಡುವುದು ನನಗೆ ಕೆಮ್ಮಿದಷ್ಟೇ ಸಹಜವಾಗಿಬಿಟ್ಟಿದೆ. ಹೆಂಡತಿಯ ಅಕ್ಕನ ಮನೆಗೆ ಊಟಕ್ಕೆ ಹೋದಾಗಲೂ ಹಪ್ಪಳ ಮೂಸಿ ಬೈಸಿಕೊಂಡವನು. ಆ ಹಬ್ಬದ ದಿನವೂ ಕೈ ತಾನಾಗಿ ಹೋಯಿತು. ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಕಿಟಕಿಯ ಬೆಳಕಿಗೆ ಹಿಡಿದೆ.

"ಸ್ವಲ್ಪ ಹುಳಿ ತಿರುಗಿದೆ," ಅಂದೆ, ಜಾಣನ ಹಾಗೆ. "ಇಂಥದ್ದು ನಮ್ಮಲ್ಲಿಗೆ ಬಂದರೆ ಸೋಪಿನವರಿಗೆ ಕೊಟ್ಟುಬಿಡ್ತೇವೆ."

ಬಂದಿದ್ದ ಒಂದಿಬ್ಬರು ನಕ್ಕರು. ಆಕೆಯೂ ನಗಲು ನೋಡಿದಳು.

"ಅಮ್ಮ ತೆಗೆದ ಎಣ್ಣೆ ಅಂಕಲ್. ಈ ವರ್ಷದ ಮೊದಲ ಎಣ್ಣೆ. ಊರಿಂದ ಬಂದವರ ಕೈಲಿ ಕಳಿಸಿದಳು. ಹೊಸ ಫಸಲಿನ ಹಬ್ಬ ಅಂತ ಆಂಟಿ ಹೇಳಿದ್ದರು, ಅದಕ್ಕೆ ತಂದೆ."

ನನ್ನ ಹೆಂಡತಿ ಭದ್ರಾವತಿಯವಳು. ಅವಳಿಗೆ ಕೊಂಕಣಿ ಬಾರದು, ಹಾಗಾಗಿ ನಮ್ಮ ಮನೆಮಾತು ಕನ್ನಡ. ಅತಿಥಿಗೆ ಅರ್ಥವಾಗದ ಕನ್ನಡದಲ್ಲಿ, ಮುಖದ ನಗು ಕದಲದಂತೆ, "ರೀ, ಆ ಬಾಟಲಿ ಇತ್ಲಾಗೆ ಕೊಡಿ. ಮೂಗು ಮುಚ್ಕೊಂಡು ಕೂತ್ಕೊಳ್ಳಿ," ಅಂದಳು. ಅಲ್ಲೇ ಬಾಣಲೆ ಇಟ್ಟು, ಆ ಎಣ್ಣೆಯಲ್ಲೇ ಹರಿವೆ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಮನೆಯೆಲ್ಲ ಪರಿಚಯವಿಲ್ಲದ ಊರಿನ ಪರಿಮಳ. ರುಚಿಯಾಗಿತ್ತು. ಅದನ್ನು ನಾನು ಮೂರು ಸಲ ಹೇಳಿದೆ. ಮೂರನೆಯ ಸಲ ಯಾರೂ ಕೇಳಿಸಿಕೊಳ್ಳಲಿಲ್ಲ.

ಎಲೆಯ ಮುಂದೆ ಕೂತು ಆಕೆ ಹೇಳಿದಳು, "ಮೊದಲ ಎಣ್ಣೆಯೂ ಇದೇ, ಕೊನೇದೂ ಇದೇ ಆಗಬಹುದು ಆಂಟಿ."

ಅವಳ ತಾಯಿ ಮತ್ತು ಅದೇ ಬೀದಿಯ ಹೆಂಗಸರು ಕೂಡಿ ಎಣ್ಣೆ ಹಿಂಡುವ ಯಂತ್ರವೊಂದನ್ನು ಇಟ್ಟುಕೊಂಡಿದ್ದರು. ಹಣ್ಣು ಬೇಯಿಸುವುದು, ಕುಟ್ಟುವುದು, ಹಿಂಡುವುದು ಎಲ್ಲ ಒಟ್ಟಿಗೆ. ಸಂತೆಯಲ್ಲಿ ಅಕ್ಕಪಕ್ಕ ಕೂತು ಮಾರುವುದು. ಆ ಎಣ್ಣೆಯಿಂದಲೇ ಇವಳು ಮಲೇಷ್ಯಾ ಕಂಡದ್ದು. ಈಗ ಕೆಲವು ತಿಂಗಳಿಂದ ಸಂತೆಗೆ ಸರ್ಕಾರದ ಆಹಾರ ಇಲಾಖೆಯವರು ಬರತೊಡಗಿದ್ದಾರಂತೆ.

"ಒಂದು ಪೆಟ್ಟಿಗೆ ತರ್ತಾರೆ ಅಂಕಲ್. ಎಣ್ಣೆಯನ್ನು ಪುಟ್ಟ ಗಾಜಿನ ಡಬ್ಬಿಗೆ ಸುರಿದು ಅದರೊಳಗಿಟ್ಟು, ಕೊಳವೆಯಲ್ಲಿ ಒಂದು ಕಣ್ಣಿಟ್ಟು ನೋಡ್ತಾರೆ. 'ಕೆಂಪು. ಬಹಳ ಕೆಂಪು. ಮಾರಬಾರದು,' ಅಂತಾರೆ. ನಮ್ಮಮ್ಮ ಕೇಳಿದಳಂತೆ, 'ಸ್ವಾಮೀ, ಕೆಂಪೆಣ್ಣೆ ಕೆಂಪಗಿರದೆ ನಿಮ್ಮ ಟೋಪಿಯ ಹಾಗೆ ನೀಲಿ ಇರ್ತದಾ?' ಅಂತ."

ಎಲ್ಲರೂ ಬಿದ್ದು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ, ಸ್ವಲ್ಪ ಜೋರಾಗಿ. ಆ ಪೆಟ್ಟಿಗೆಯನ್ನು ನಾನು ಬಲ್ಲೆ. ಅದನ್ನು ಅವರಿಗೆ ಕೊಟ್ಟವರು ನಾವೇ. ಕೊಳವೆಗೆ ಯಾವ ಕಣ್ಣಿಡಬೇಕು, ಯಾವ ಕಣ್ಣು ಮುಚ್ಚಬೇಕು ಎಂದು ಕಲಿಸಿದವನು ನಾನು.

ತಾಳೆ ಎಣ್ಣೆ ಹುಟ್ಟುವುದೇ ಕೆಂಪಾಗಿ. ಗಜ್ಜರಿಗೆ ಬಣ್ಣ ಕೊಡುವ ಸತ್ವವೇ ಅದಕ್ಕೂ ಬಣ್ಣ ಕೊಡುತ್ತದೆ. ನಮ್ಮ ಕಾರ್ಖಾನೆಯಲ್ಲಿ ಅದನ್ನು ಒಂದು ಬಗೆಯ ಮಣ್ಣಿನೊಂದಿಗೆ ಬೆರೆಸಿ ಸೋಸಿ, ಮೇಲೆ ಬಿಸಿ ಹಬೆ ಹಾಯಿಸಿ, ಕೆಂಪನ್ನೆಲ್ಲ ಕಿತ್ತು ತಿಳಿ ಹಳದಿ ಮಾಡುತ್ತೇವೆ. ಕಿತ್ತದ್ದು ಸರಿಯಾಯಿತೇ ಎಂದು ನೋಡಲು ಆ ಪೆಟ್ಟಿಗೆ. ಅದರಲ್ಲಿ ಕೆಂಪೆಣ್ಣೆಯನ್ನಿಟ್ಟು ಫೇಲು ಮಾಡುವುದೆಂದರೆ ಕ್ಷೌರದಂಗಡಿಯ ಕನ್ನಡಿಯ ಮುಂದೆ ಗಡ್ಡದವನನ್ನು ನಿಲ್ಲಿಸಿ ರೋಗಿಷ್ಟ ಅಂದ ಹಾಗೆ.

ಹಿಂದಿನ ವರ್ಷ ಆ ದೇಶದಿಂದ ಅಧಿಕಾರಿಗಳ ತಂಡವೊಂದು ನಮ್ಮಲ್ಲಿಗೆ ತರಬೇತಿಗೆ ಬಂದಿತ್ತು. ತರಬೇತಿ ಅಂದರೆ ಒಂದು ಬೆಳಗ್ಗೆ ನನ್ನ ಪ್ರಯೋಗಾಲಯದಲ್ಲಿ. ಉಳಿದದ್ದೆಲ್ಲ ಶಾಪಿಂಗ್ ಮಾಲು, ದರ್ಜಿಯ ಹತ್ತಿರ ಸೂಟಿಗೆ ಅಳತೆ, ಕೆಲವರಿಗೆ ಆಸ್ಪತ್ರೆಯಲ್ಲಿ ತಲೆಯಿಂದ ಕಾಲಿನವರೆಗೆ ತಪಾಸಣೆ, ಪುತ್ರಜಯಾದ ಸರೋವರದ ಮುಂದೆ ಫೋಟೊ. ಎಲ್ಲವೂ ಕಂಪನಿಯ ಲೆಕ್ಕ. ಆ ದೇಶದಲ್ಲಿ ನಮ್ಮ ಎಣ್ಣೆಯ ಏಜೆಂಟನ ಅಕ್ಕನನ್ನು ಮದುವೆಯಾದವರು ಅಲ್ಲಿನ ಮಂತ್ರಾಲಯದಲ್ಲೇ ಎತ್ತರದ ಕುರ್ಚಿಯಲ್ಲಿದ್ದರು. ಅಡುಗೆ ಎಣ್ಣೆ ಯಾವುದೇ ಇರಲಿ, ಎಲ್ಲಕ್ಕೂ ಒಂದೇ ಬಣ್ಣದ ಮಿತಿ ಎಂಬ ನಿಯಮ ಆಮೇಲೆ ಬಂತು. ನಮ್ಮ ಪೆಟ್ಟಿಗೆಗಳೂ ಹಡಗು ಹತ್ತಿದವು.

ಇದು ನನಗೆ ಗೊತ್ತಿರಲಿಲ್ಲವೇ? ಬಿಡಿಬಿಡಿಯಾಗಿ ಎಲ್ಲ ಗೊತ್ತಿತ್ತು. ಕೂಡಿಸಿ ನೋಡಿರಲಿಲ್ಲ. ಹಪ್ಪಳದ ಎಣ್ಣೆಗೆ ಚಿಂತೆ ಮಾಡುವವನು ಇದಕ್ಕೆ ಚಿಂತೆ ಮಾಡಲು ಮರೆತಿದ್ದೆ. ಆ ತಂಡದ ಹಿರಿಯ ಅಧಿಕಾರಿಯನ್ನು ತೋಟ ತೋರಿಸಲು ಕರೆದೊಯ್ದಾಗ ಅವರು ತಾಳೆ ಮರವನ್ನು ಕೈಯಲ್ಲಿ ತಟ್ಟಿ, "ಇದು ನಮ್ಮ ಕಡೆಯ ಮರ ಗೊತ್ತಾ? ನಮ್ಮಿಂದ ಇಲ್ಲಿಗೆ ಬಂದದ್ದು. ಚೆನ್ನಾಗಿ ಓದಿಸಿ ದೊಡ್ಡವನನ್ನಾಗಿ ಮಾಡಿದ್ದೀರಿ," ಎಂದು ಕಣ್ಣು ಮಿಟುಕಿಸಿದ್ದರು. ನನಗೆ ಆ ಮನುಷ್ಯ ಇಷ್ಟವಾಗಿದ್ದರು. ಅವರಿಗೆ ಗಬ್ಬು ನಾರುವ ಡುರಿಯನ್ ಹಣ್ಣು ತಿನ್ನಿಸಿದ ಕತೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಆ ಕತೆ ಕೇಳಿದ್ದ ಮಂಗಳೂರಿನ ಗೆಳೆಯನೊಬ್ಬ ಎಲೆಯ ಮುಂದೆಯೇ ಇದ್ದ. "ಅಲ್ಲ ಮಾರಾಯ್ರೇ, ಆ ದೇಶದ ಆಫೀಸರುಗಳು ನಿಮ್ಮಲ್ಲಿಗೇ ಬಂದು ಈ ಪೆಟ್ಟಿಗೆ ಕಲಿತದ್ದಲ್ವಾ? ಒಬ್ಬರು ನಿಮಗೆ ಭಾರೀ ದೋಸ್ತಿ ಅಂತಿದ್ದಿರಿ?"

ಆಕೆಯ ಕೈ ಅನ್ನದ ಮೇಲೆ ನಿಂತಿತು. "ನಿಜವಾ ಅಂಕಲ್?"

"ಹಾಂ... ಪರಿಚಯ ಇದೆ."

"ಹಾಗಾದರೆ ಒಂದು ಫೋನ್ ಮಾಡ್ತೀರಾ? ಈ ಪೆಟ್ಟಿಗೆ ಕೆಂಪೆಣ್ಣೆಗೆ ಅಲ್ಲ ಅಂತ ನೀವು ಹೇಳಿದರೆ ಅವರು ಕೇಳ್ತಾರೆ. ಪೆಟ್ಟಿಗೆ ಕಲಿಸಿದವರು ನೀವು. ನೀವು ಅವರ ಮೇಷ್ಟ್ರು."

"ಖಂಡಿತ," ಅಂದೆ. ಊಟಕ್ಕೆ ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದಾಗ ಬೇರೆ ಮಾತು ಎಲ್ಲಿ ಹುಡುಕುವುದು?

ಅಲ್ಲಿಂದ ಚಿಂತೆ ಶುರುವಾಯಿತು. ಮಲೇಷ್ಯಾದಲ್ಲಿ ನನ್ನ ವೀಸಾ ಕಂಪನಿಗೆ ಅಂಟಿಕೊಂಡಿದೆ. ಕಂಪನಿ ಬಿಟ್ಟರೆ ದೇಶ ಬಿಡಬೇಕು. ಮಗಳು ಕಾಲೇಜಿಗೆ ಕಾಲಿಡುವ ಹೊತ್ತು. ಬಣ್ಣದ ನಿಯಮ ತಪ್ಪು ಅಂತ ಅಲ್ಲಿನ ಅಧಿಕಾರಿಗೆ ನಾನು ಫೋನಿನಲ್ಲಿ ಹೇಳಿದೆ ಅಂತಿಟ್ಟುಕೊಳ್ಳಿ. ಅವರು ಏಜೆಂಟನಿಗೆ ಹೇಳುತ್ತಾರೆ, ಏಜೆಂಟ್ ನಮ್ಮ ಮ್ಯಾನೇಜರಿಗೆ ಹೇಳುತ್ತಾನೆ, ಮ್ಯಾನೇಜರ್ ನನ್ನ ಪ್ರಯೋಗಾಲಯದ ಕೀಲಿ ಕೇಳುತ್ತಾರೆ. ಈ ವಯಸ್ಸಿನಲ್ಲಿ ಭದ್ರಾವತಿಯ ಮಾವನ ಮನೆಯ ಜಗಲಿಯಲ್ಲಿ ಕೂತು ಹಪ್ಪಳ ಮೂಸುತ್ತಿರುವ ನನ್ನನ್ನು ನಾನೇ ಕಂಡೆ. ಭಾನುವಾರ ಬಂದರೆ ಆಕೆ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತಿರುತ್ತಾಳೆ. ನಾನು ಪಕ್ಕದ ಬಾಗಿಲಿನಿಂದ ಹೊರಡುವುದನ್ನು ಕಲಿತೆ. ನಾವೇ ಹಬ್ಬಕ್ಕೆ ಕರೆದು ಊಟ ಹಾಕಿದ ಹುಡುಗಿಯಿಂದ ತಪ್ಪಿಸಿಕೊಂಡು ಕಾರಿನ ಸಂದಿಯಲ್ಲಿ ನುಸುಳುವುದೆಂದರೆ, ನನ್ನ ಹೊಟ್ಟೆಯ ಸುತ್ತಳತೆಗೆ ಸುಲಭವೂ ಅಲ್ಲ.

ಕೊನೆಗೆ ಮ್ಯಾನೇಜರಿಗೇ ಹೇಳಿದೆ. ಈಪೋ ಊರಿನ ಚೀನೀ ಮನುಷ್ಯ, ನನಗಿಂತ ಹಿರಿಯರು, ನಿಜಕ್ಕೂ ಒಳ್ಳೆಯವರು. ಮಧ್ಯಾಹ್ನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೊಟ್ಟಿ ಮುರಿಯುತ್ತಾ ಪೂರ್ತಿ ಕೇಳಿಸಿಕೊಂಡರು.

"ನಿನಗೆ ತಲೆ ಕೆಟ್ಟಿದೆಯಾ? ನಿಯಮದ ಬಗ್ಗೆ ನೀನ್ಯಾಕೆ ಬಾಯಿ ಹಾಕ್ತೀಯಾ? ಅದು ಅವರ ದೇಶ ಲಾ," ಅಂದರು, ಇಲ್ಲಿನವರು ಮಾತಿನ ಕೊನೆಗೆ ಅಂಟಿಸುವ 'ಲಾ' ಸಮೇತ.

"ಪೆಟ್ಟಿಗೆ ನಮ್ಮದು."

"ಪೆಟ್ಟಿಗೆ ಉಡುಗೊರೆ. ಉಡುಗೊರೆ ಕೊಟ್ಟವನು ಹಿಂದೆ ಹೋಗಿ 'ಸರಿಯಾಗಿ ಉಪಯೋಗಿಸ್ತಿದ್ದೀರಾ' ಅಂತ ಕೇಳ್ತಾನಾ?" ಬೆರಳಿಗಂಟಿದ ಸಾಂಬಾರು ಒರೆಸಿಕೊಂಡು ದನಿ ಇಳಿಸಿದರು. "ಆ ಹುಡುಗಿಯ ತಾಯಿ ಒಬ್ಬಳ ಪರವಾಗಿ ಬೇಕಾದರೆ ಆ ಅಧಿಕಾರಿಗೆ ಹೇಳು. ನಮ್ಮವರು, ನೋಡಿಕೊಳ್ಳಿ ಅನ್ನು. ಒಬ್ಬಳಿಗೆ ಒಳ್ಳೆಯದು ಮಾಡಿದರೆ ಯಾರಿಗೇನು ನಷ್ಟ?"

ಆ ಮಾತು ಕೇಳಿದಾಗ ನನಗೆ ಎಷ್ಟು ಹಗುರಾಯಿತು ಎನ್ನುವುದೇ ಈ ಕತೆಯಲ್ಲಿ ನನಗೆ ಹೆಚ್ಚು ನಾಚಿಕೆ ತರಿಸುವ ಸಂಗತಿ. ಯಾಕೆಂದರೆ ಅದು ನನಗೆ ಬರುವ ಭಾಷೆ. ನಮ್ಮೂರಲ್ಲಿ ನಾನು ಬೆಳೆದದ್ದೇ 'ಒಂದು ಮಾತು ಹೇಳಿ' ಅನ್ನುವುದರಲ್ಲಿ. ಶಾಲೆಯ ಸೀಟಿಗೆ ಪಾದ್ರಿಗಳ ಹತ್ತಿರ ಒಂದು ಮಾತು, ಗ್ಯಾಸ್ ಕನೆಕ್ಷನ್ನಿಗೆ ಒಂದು ಮಾತು, ಆಸ್ಪತ್ರೆಯ ಹಾಸಿಗೆಗೆ ಒಂದು ಮಾತು. ಅದನ್ನು ಲಂಚ ಅಂತ ಯಾರೂ ಕರೆದದ್ದಿಲ್ಲ. ಪರಿಚಯ ಅನ್ನುತ್ತೇವೆ. ಪರಿಚಯ ಇಲ್ಲದವರು ಏನು ಮಾಡುತ್ತಾರೆ ಎಂದು ಕೇಳಿದರೆ, ಪರಿಚಯ ಮಾಡಿಕೊಳ್ಳಲಿ ಅನ್ನುತ್ತೇವೆ.

ಕಾರ್ಖಾನೆಯ ಹಿಂದೆ ಕಾರು ನಿಲ್ಲಿಸಿ, ಗಾಜು ಏರಿಸಿ ಫೋನ್ ಮಾಡಿದೆ. ಆ ಸೆಖೆಯಲ್ಲೂ ಎಸಿ ಆರಿಸಿದ್ದೆ, ಅದರ ಸದ್ದಿನಲ್ಲಿ ನನ್ನ ಮಾತು ತಪ್ಪಾಗಿ ಕೇಳಿಸೀತು ಅಂತ.

"ನಮ್ಮ ಮೇಷ್ಟ್ರು!" ಎಂದು ಆ ಕಡೆಯಿಂದ ಅಧಿಕಾರಿ ಕೂಗಿದರು. "ಹೇಗಿದೆ ಮಲೇಷ್ಯಾ? ಆ ನಾರುವ ಹಣ್ಣು ಹೇಗಿದೆ?"

"ನಾರುತ್ತಿದೆ."

"ನಿಮ್ಮ ಪೆಟ್ಟಿಗೆ ಚೆನ್ನಾಗಿದೆ. ಅದರ ಗಾಜನ್ನು ಬೇರೆಯವರಿಗೆ ಮುಟ್ಟಲಿಕ್ಕೆ ಬಿಡೋದಿಲ್ಲ, ನಾನೇ ಒರೆಸ್ತೇನೆ. ನೀವು ತೋರಿಸಿದ ಹಾಗೇ, ಮೆತ್ತಗೆ."

ಇಲ್ಲಿ ಹೇಳಬೇಕಿತ್ತು. ವಾಕ್ಯ ಬಾಯಲ್ಲೇ ಇತ್ತು: ಈ ಪೆಟ್ಟಿಗೆ ಶುದ್ಧ ಮಾಡಿದ ಎಣ್ಣೆಗೆ ಮಾತ್ರ, ಕೆಂಪೆಣ್ಣೆ ಕೆಂಪಗಿರುವುದು ದೋಷವಲ್ಲ. ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದೆ. ಆ ಮನುಷ್ಯ ಕೆಟ್ಟವರೂ ಅಲ್ಲ. ಮೇಷ್ಟ್ರು ಹೇಳಿದ್ದರೆ ಕನಿಷ್ಠ ಒಂದು ಗಳಿಗೆ ಯೋಚನೆ ಮಾಡುತ್ತಿದ್ದರು.

"ಒಂದು ಸಣ್ಣ ವಿಷಯ ಸರ್," ಎಂದೆ. "ನಿಮ್ಮಲ್ಲಿ ಸಂತೆಯಲ್ಲಿ ಎಣ್ಣೆ ಮಾರುವ ಒಬ್ಬ ತಾಯಿ ಇದ್ದಾರೆ. ನಮಗೆ ತೀರಾ ಬೇಕಾದವರು..."

"ನಿಮಗೆ ಬೇಕಾದವರಾ? ಅಷ್ಟು ಹೇಳಿದರೆ ಸಾಕು. ಹೆಸರು, ಸಂತೆ ಬರೆದು ಕಳಿಸಿ. ಮುಗೀತು ಅಂತ ತಿಳೀರಿ."

ಮುಗಿಯಿತು. ಮುಂದಿನ ತಿಂಗಳ ಒಂದು ಭಾನುವಾರ ನಾನು ಪಕ್ಕದ ಬಾಗಿಲಿನಿಂದ ಹೊರಬೀಳುವಷ್ಟರಲ್ಲಿ ಆಕೆ ಅಲ್ಲೇ ಎದುರಾದಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಅಮ್ಮನ ಅಂಗಡಿಯನ್ನು ಈಗ ಯಾರೂ ಮುಟ್ಟುವುದಿಲ್ಲವಂತೆ, ಪೆಟ್ಟಿಗೆಯವರು ಅವಳನ್ನು ದಾಟಿಕೊಂಡು ಹೋಗುತ್ತಾರಂತೆ. "ನಿಮ್ಮ ಋಣ ಹೇಗೆ ತೀರಿಸಲಿ ಅಂಕಲ್," ಎಂದು ಅತ್ತಳು. ಪಾದ್ರಿಗಳು ನನ್ನ ಭುಜ ತಟ್ಟಿದರು. ಮಂಗಳೂರಿನ ಗೆಳೆಯ, "ನೋಡಿದಿರಾ, ನಮ್ಮವರ ಕೈ ಆಫ್ರಿಕಾದವರೆಗೂ ಉದ್ದ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಕಾರಿನಲ್ಲಿ ಹಿಂದೆ ಕೂತಿದ್ದ ಮಗಳು ಹೆಡ್‌ಫೋನ್ ತೆಗೆದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷ್. ಆ ಪೆಟ್ಟಿಗೆ ತಪ್ಪು ಅಂತ ಅವರಿಗೆ ಹೇಳಿದೆಯಾ ಡ್ಯಾಡಿ, ಎಂದು ಕೇಳಿದಳು.

ನಾನು ಫೆಡರಲ್ ಹೆದ್ದಾರಿಯ ಟ್ರಾಫಿಕ್ಕಿನ ಬಗ್ಗೆ ಬಹಳ ವಿವರವಾಗಿ ಮಾತಾಡಿದೆ. ಅವಳು ಹೆಡ್‌ಫೋನ್ ಹಾಕಿಕೊಂಡಳು. ಹೆಂಡತಿ ಕಿಟಕಿಯ ಆಚೆ ನೋಡುತ್ತಾ, "ಹೇಳಿಲ್ಲ ತಾನೇ?" ಎಂದಷ್ಟೇ ಅಂದಳು. ಆ ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಅವಳು ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟಿದ್ದಳು. ಆ ದಿನದಿಂದ ನನಗೆ ಬಡಿಸುವ ಪಲ್ಯಕ್ಕೆ ಅದನ್ನು ಹಾಕಲಿಲ್ಲ.

ಕೆಲವು ವಾರ ಬಿಟ್ಟು ಅಧಿಕಾರಿಯ ಫೋನ್ ಬಂತು. ಅವರ ಮಗ ಇಲ್ಲಿ ಓದಬೇಕಂತೆ. ಇಂಥ ಖಾಸಗಿ ಕಾಲೇಜು. "ನೀವು ಅಲ್ಲಿ ಒಂದು ಮಾತು ಹೇಳಿದರೆ..." ನನಗೆ ಆ ಕಾಲೇಜಿನಲ್ಲಿ ಕಾವಲಿನವನೂ ಪರಿಚಯವಿಲ್ಲ. ಹೋಗಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ವಿಚಾರಿಸಿದೆ. ದುಡ್ಡು ಕಟ್ಟುವವರಿಗೆಲ್ಲ ಅಲ್ಲಿ ಸೀಟು ಉಂಟು. ಹುಡುಗನಿಗೆ ಸೀಟು ಸಿಕ್ಕಿತು, ಅದು ನನ್ನ ಪ್ರಭಾವ ಎಂದು ಅಧಿಕಾರಿ ಗಾಢವಾಗಿ ನಂಬಿದರು. ನಾನು ತಿದ್ದಲಿಲ್ಲ. ಇನ್ನು ಪೆಟ್ಟಿಗೆಯ ಮಾತು ಎತ್ತುವುದಂತೂ ದೂರವೇ ಉಳಿಯಿತು. ಕೊಟ್ಟು ತೆಗೆದುಕೊಂಡವರ ನಡುವೆ ಅಂಥ ಮಾತು ಅಸಭ್ಯ.

ಮತ್ತೆ ಸೆಪ್ಟೆಂಬರ್ ಬಂತು. ಅಕ್ಕನ ಕಾಳುಗಳು ಬಂದವು, ಕಸ್ಟಮ್ಸಿನವರು ಆಗಲೂ ಬರಲಿಲ್ಲ. ಆಕೆ ಹಬ್ಬಕ್ಕೆ ಬಂದಳು. ಕೈಯಲ್ಲಿ ರಂಬುಟಾನ್ ಹಣ್ಣಿನ ಗೊಂಚಲು.

"ಈ ವರ್ಷ ಎಣ್ಣೆ ಇಲ್ಲ ಅಂಕಲ್," ಅಂದಳು, ತಪ್ಪು ಮಾಡಿದವಳ ಹಾಗೆ. "ಬೇರೆಯವರ ಎಣ್ಣೆ ಮಾರಲು ಬಿಡುವುದಿಲ್ಲವಲ್ಲ, ಅವರು ಹಣ್ಣು ಕೊಯ್ಯುವುದನ್ನೇ ನಿಲ್ಲಿಸಿದರು. ಅಮ್ಮ ಒಬ್ಬಳೇ ಹೇಗೆ ಬೇಯಿಸಿ ಕುಟ್ಟುತ್ತಾಳೆ? ಯಂತ್ರಕ್ಕೆ ನಾಲ್ಕು ಜನದ ಕೈ ಬೇಕು."

"ಮತ್ತೆ ಅಂಗಡಿ?"

"ಅಂಗಡಿ ಇದೆ. ತೋರಿಸ್ತೇನೆ ಇರಿ. ಅಮ್ಮ ನಿಮಗೆ ತಾನೇ ಮುಖ ನೋಡಿ ಧನ್ಯವಾದ ಹೇಳಬೇಕು ಅಂತ ಹಟ ಹಿಡಿದಿದ್ದಾಳೆ."

ಹೊಸ ಅಕ್ಕಿಯ ಹಾಲಿನ ಲೋಟಗಳನ್ನು ಹೆಂಡತಿ ಎಲ್ಲರ ಕೈಗೂ ಕೊಟ್ಟು ಆಗಿತ್ತು. ಇನ್ನೂ ಕುಡಿದಿರಲಿಲ್ಲ. ಆಕೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದಳು. ತೆರೆಯ ಮೇಲೆ ತಲೆಗೆ ಬಣ್ಣದ ಬಟ್ಟೆ ಬಿಗಿದ ದಪ್ಪ ಹೆಂಗಸು, ಮಗಳದೇ ನಗು. ಅವಳ ಹಿಂದೆ ಹಳದಿ ಎಣ್ಣೆಯ ಕ್ಯಾನುಗಳು ಸಾಲಾಗಿದ್ದವು. ಅವುಗಳ ಮೇಲಿನ ಗುರುತು ನಾನು ದಿನಾ ನೋಡುವಂಥದ್ದೇ, ನಮ್ಮ ಕಂಪನಿಯದು. ಮೇಷ್ಟ್ರ ಕಡೆಯವರು ಅಂತ ಏಜೆಂಟ್ ಎಲ್ಲರಿಗಿಂತ ಮೊದಲು ಅವಳಿಗೇ ಮಾಲು ಕೊಟ್ಟನಂತೆ. ಅವಳ ಎಡಕ್ಕೂ ಬಲಕ್ಕೂ ಕಲ್ಲಿನ ಕಟ್ಟೆ ಖಾಲಿ ಇತ್ತು.

"ಅಲ್ಲಿ ಕೂರುತ್ತಿದ್ದವರು?" ಎಂದು ನನ್ನ ಹೆಂಡತಿ ಕೇಳಿದಳು.

"ಅವರು ಈಗ ಅಮ್ಮನ ಹತ್ತಿರ ಮಾತಾಡೋದಿಲ್ಲ ಆಂಟಿ. ಇವಳೇ ಅಧಿಕಾರಿಗಳಿಗೆ ಹೇಳಿ ನಮ್ಮ ಎಣ್ಣೆ ನಿಲ್ಲಿಸಿದಳು ಅಂತ ಅವರ ಅನುಮಾನ. ಇಲ್ಲದಿದ್ದರೆ ಇವಳೊಬ್ಬಳನ್ನೇ ಯಾಕೆ ಬಿಟ್ಟರು ಅಂತ ಕೇಳ್ತಾರೆ. ಚರ್ಚಿನಲ್ಲೂ ಅಮ್ಮನ ಬೆಂಚಿಗೆ ಯಾರೂ ಬರೋದಿಲ್ಲ."

ಅಷ್ಟರಲ್ಲಿ ತಾಯಿ ತನ್ನ ಭಾಷೆಯಲ್ಲಿ ನನ್ನ ಕಡೆ ಬೆರಳು ಮಾಡಿ ಹೇಳತೊಡಗಿದ್ದಳು. ಮಗಳು ನಡುನಡುವೆ ನಿಲ್ಲಿಸಿ ನನಗೆ ಹೇಳಿದಳು:

"ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಮಗನೇ ಅಂತಾಳೆ. ನಿನ್ನ ಒಂದು ಮಾತಿಗೆ ಎಷ್ಟು ಬಲ ಇದೆ ಅಂತ ನೋಡಿದೆ ಅಂತಾಳೆ. ಅದೇ ಮಾತನ್ನು ಉಳಿದವರ ಪರವಾಗಿಯೂ ಹೇಳಿಬಿಡು ಅಂತಾಳೆ. ನಾವು ಮತ್ತೆ ಒಟ್ಟಿಗೆ ಕುಟ್ಟಬೇಕು, ಈ ಹಳದಿ ಎಣ್ಣೆಗೆ ವಾಸನೆಯೇ ಇಲ್ಲ ಅಂತಾಳೆ. ಅವರ ಹೆಸರು ಹೇಳ್ತಾಳಂತೆ, ಕೇಳಿಸಿಕೊಳ್ಳಬೇಕಂತೆ."

ತಾಯಿ ಬೆರಳು ಮಡಿಸುತ್ತಾ ಹೆಸರುಗಳನ್ನು ಹೇಳಿದಳು. ಪ್ರತಿ ಹೆಸರಿಗೂ ಪಕ್ಕದ ಖಾಲಿ ಕಟ್ಟೆಯ ಒಂದೊಂದು ಜಾಗ ತೋರಿಸಿದಳು. ನನ್ನ ಬಳಗವೆಲ್ಲ ಲೋಟ ಹಿಡಿದುಕೊಂಡು ಸುತ್ತ ನಿಂತಿತ್ತು. ಅವರ ಕಣ್ಣಲ್ಲಿ ಏನು ಹೆಮ್ಮೆ! ಇವರಿಗೆ ಒಂದು ಫೋನಿನ ಕೆಲಸ ತಾನೇ ಎಂಬ ಹೆಮ್ಮೆ.

ಕಾಲೇಜಿನ ಹುಡುಗ ಕಣ್ಣೆದುರು ಬಂದ. ಮ್ಯಾನೇಜರ್ ಬಂದರು, ವೀಸಾ ಬಂತು, ಭದ್ರಾವತಿಯ ಜಗಲಿ ಬಂತು.

"ನೋಡೋಣ," ಅಂದೆ. ಇಂಗ್ಲಿಷಿನಲ್ಲಿ ಅನ್ನಲು ಆಗಲಿಲ್ಲ. ಕನ್ನಡದಲ್ಲೇ ಬಂತು.

ಆಕೆ ನನ್ನ ಮಗಳ ಕಡೆ ತಿರುಗಿ ಹಾಗಂದರೇನು ಎಂದು ಕೇಳಿದಳು. ಮಗಳು ನನ್ನ ಮುಖ ನೋಡಿದಳು, ಆಮೇಲೆ ತನ್ನ ಲೋಟ ನೋಡಿದಳು.

"ಇಟ್ ಮೀನ್ಸ್ ನೋ," ಎಂದಳು.

ಆಕೆ ಫೋನಿನ ಕಡೆ ಬಾಗಿದಳು. ತಾಯಿಗೆ ಏನೋ ಹೇಳಿದಳು. ನಿಧಾನವಾಗಿ, ನಗುತ್ತಾ, ಎರಡು ಮೂರು ಸಲ ನನ್ನ ಕಡೆ ಕೈ ತೋರಿಸಿ. ಯಾವ ಭಾಷೆಯಲ್ಲೂ 'ಇಲ್ಲ' ಅಷ್ಟು ಉದ್ದ ಇರುವುದಿಲ್ಲ. ತಾಯಿಯ ಮುಖ ಅರಳಿತು. ಆ ಹಳದಿ ಕ್ಯಾನುಗಳ ಮುಂದೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ನನಗೆ ಆಶೀರ್ವಾದ ಮಾಡಿದಳು.

ನಾನು ತಲೆ ಬಾಗಿಸಿ ಅದನ್ನೂ ತೆಗೆದುಕೊಂಡೆ.